ಫ್ಯಾಕ್ಟರಿ ರೀಸೆಟ್ ನಡುವೆ ನಾಸ್ ಡ್ರೈವ್ ನಿಂತುಹೋದರೆ: ಪ್ಲಗ್ ಕೀಳುವ ಮೊದಲು ನೋಡಬೇಕಾದದ್ದು

ಪತ್ತನಾಜೆ (ತುಳುನಾಡಿನಲ್ಲಿ ಆಟ, ನೇಮಗಳ ಋತು ಮುಗಿಯುವ ದಿನ) ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನನಗೆ ಒಂದೇ ಬಗೆಯ ಫೋನ್‌ಗಳು ಬರುತ್ತವೆ. ಆರು ತಿಂಗಳು ಯಕ್ಷಗಾನದ ಆಟ, ದೈವದ ನೇಮ, ಮದುವೆ ಅಂತ ವಿಡಿಯೊ ತುಂಬಿಸಿದ ನೆಟ್‌ವರ್ಕ್ ಡ್ರೈವನ್ನು (ನಾಸ್, ಅಂದರೆ ರೂಟರ್‌ಗೆ ಜೋಡಿಸಿ ಎಲ್ಲ ಕಂಪ್ಯೂಟರ್‌ಗಳಿಂದ ಬಳಸುವ ಡಿಸ್ಕ್ ಪೆಟ್ಟಿಗೆ) ಸ್ಟುಡಿಯೊದವರು ಖಾಲಿ ಮಾಡಲು ಕೂರುತ್ತಾರೆ. ಫ್ಯಾಕ್ಟರಿ ರೀಸೆಟ್ ಕೊಡುತ್ತಾರೆ. ಅರ್ಧ ಗಂಟೆಯಾದರೂ ಮುಗಿಯುವುದಿಲ್ಲ. "ನೀಲಿ ಲೈಟ್ ಮಿಣುಕುತ್ತಾ ಉಂಟು ಮಾರಾಯ್ರೇ, ಎಂತ ಮಾಡುವುದು?" ಅಂತ ಕೇಳುವಷ್ಟರಲ್ಲಿ ಹೆಚ್ಚಿನವರು ಪ್ಲಗ್ ಕಿತ್ತು, ಮತ್ತೆ ಹಾಕಿ, ಇನ್ನೊಮ್ಮೆ ರೀಸೆಟ್ ಒತ್ತಿ ಆಗಿರುತ್ತದೆ. ನಿಜವಾದ ತೊಂದರೆ ಶುರುವಾಗುವುದೇ ಅಲ್ಲಿಂದ.

"ನಿಂತಿದೆ" ಅಂತ ಕಾಣುವುದರಲ್ಲಿ ಮೂರು ಬಗೆ ಇದೆ. ಒಂದು, ರೀಸೆಟ್ ಮುಗಿದಿದೆ, ನಿಮ್ಮ ಬ್ರೌಸರ್‌ಗೆ ಅದು ಗೊತ್ತಾಗಿಲ್ಲ. ಎರಡು, ಕೆಲಸ ನಡೆಯುತ್ತಲೇ ಇದೆ, ಆದರೆ ನಿಧಾನ. ಮೂರು, ನಿಜವಾಗಿಯೂ ನಿಂತಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಏಳನೇ ಹಂತದ ರೀಸೆಟ್ ಗುಂಡಿಗೆ ಮೊದಲೇ ಹಾರಬೇಡಿ.

ಕೈಯಲ್ಲಿ ಇಟ್ಟುಕೊಳ್ಳಬೇಕಾದದ್ದು

ಒಂದು ಲ್ಯಾಪ್‌ಟಾಪ್, ಕೆಲಸ ಮಾಡುತ್ತದೆ ಅಂತ ಖಾತ್ರಿ ಇರುವ ಒಂದು ಲ್ಯಾನ್ ಕೇಬಲ್, ರೂಟರ್‌ನ ಪಾಸ್‌ವರ್ಡ್, ಜೆಮ್ ಕ್ಲಿಪ್ ಅಥವಾ ಸಿಮ್ ಪಿನ್, ಬರೆದುಕೊಳ್ಳಲು ಪೆನ್ನು ಕಾಗದ. ಎಂಟನೇ ಹಂತದವರೆಗೆ ಹೋಗಬೇಕಾದರೆ ಮಾತ್ರ ನಾಸ್ ಒಳಗಿನ ಸಾಟಾ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಡಾಕ್ ಬೇಕು. ಹಂಪನಕಟ್ಟೆಯಲ್ಲೋ ಮಣಿಪಾಲದಲ್ಲೋ ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿ. ಕೊಳ್ಳುವಾಗ ಒಂದು ಮಾತು ನೆನಪಿಡಿ: ನಾಸ್ ಒಳಗಿನ ದೊಡ್ಡ 3.5 ಇಂಚಿನ ಡಿಸ್ಕ್‌ಗೆ 12 ವೋಲ್ಟ್ ಬೇಕು. ತನ್ನದೇ ಅಡಾಪ್ಟರ್ ಇರುವ ಡಾಕ್ ಮಾತ್ರ ಅದನ್ನು ತಿರುಗಿಸುತ್ತದೆ. ಲ್ಯಾಪ್‌ಟಾಪ್ ಡಿಸ್ಕ್‌ಗೆ ಬಳಸುವ ಬರೀ ಯುಎಸ್‌ಬಿ ಕೇಬಲ್ ಸಾಲುವುದಿಲ್ಲ.

ಹಂತ 1: ಏನನ್ನೂ ಮುಟ್ಟದೆ ಬರೆದಿಡಿ

ರೀಸೆಟ್ ಎಷ್ಟು ಗಂಟೆಗೆ ಕೊಟ್ಟಿರಿ, ಈಗ ಎಷ್ಟು ಗಂಟೆ, ಪರದೆಯಲ್ಲಿ ಶೇಕಡಾ ಎಷ್ಟು ತೋರಿಸುತ್ತಿದೆ, ಮುಂದಿನ ಲೈಟ್ ಯಾವ ಬಣ್ಣ, ಮಿಣುಕುತ್ತಿದೆಯೋ ಉರಿದೇ ಇದೆಯೋ ಎಲ್ಲ ಬರೆಯಿರಿ. ಮೊಬೈಲ್‌ನಲ್ಲಿ ಹತ್ತು ಸೆಕೆಂಡ್ ವಿಡಿಯೊ ತೆಗೆದರೆ ಇನ್ನೂ ಒಳ್ಳೆಯದು. ಆಮೇಲೆ ಯಾರನ್ನಾದರೂ ಕೇಳಬೇಕಾದರೆ "ಏನೋ ಲೈಟ್ ಬರ್ತಾ ಇತ್ತು" ಅನ್ನುವುದರಿಂದ ಉಪಯೋಗವಿಲ್ಲ.

ಡ್ರೈವ್‌ನ ಅಡಿಯಲ್ಲಿ ಅಂಟಿಸಿದ ಚೀಟಿಯ ಫೋಟೊ ಕೂಡ ಈಗಲೇ ತೆಗೆಯಿರಿ. ಅದರಲ್ಲಿ ಮಾಡೆಲ್ ಮತ್ತು ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಆ ಸಾಧನದ ಬದಲಾಗದ ಗುರುತು ಸಂಖ್ಯೆ) ಇರುತ್ತದೆ. ಮೂರನೇ ಹಂತಕ್ಕೆ ಅದು ಬೇಕು. ಫೋಟೊಗಾಗಿ ಡ್ರೈವನ್ನು ಎತ್ತಿ ತಿರುಗಿಸಬೇಡಿ, ಒಳಗೆ ಡಿಸ್ಕ್ ತಿರುಗುತ್ತಿರುತ್ತದೆ. ಎತ್ತದೆ ಚೀಟಿ ಕಾಣದಿದ್ದರೆ, ಕೊಂಡಾಗ ಬಂದ ರಟ್ಟಿನ ಪೆಟ್ಟಿಗೆಯ ಮೇಲೂ ಹೆಚ್ಚಾಗಿ ಇರುತ್ತದೆ.

ಹಂತ 2: ಯಾವ ರೀಸೆಟ್ ಕೊಟ್ಟಿದ್ದೀರಿ ಅಂತ ತಿಳಿಯಿರಿ

ಎಲ್ಲ ರೀಸೆಟ್ ಒಂದೇ ಅಲ್ಲ. ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಕ್ಲೌಡ್ ನಾಸ್‌ನಲ್ಲಿ ಮೂರು ಆಯ್ಕೆ ಇರುತ್ತದೆ. ಸಿಸ್ಟಮ್ ಓನ್ಲಿ ಅಂದರೆ ಸೆಟ್ಟಿಂಗ್ ಮಾತ್ರ ಹೋಗುತ್ತದೆ, ಫೈಲ್ ಉಳಿಯುತ್ತದೆ. ಕ್ವಿಕ್ ರಿಸ್ಟೋರ್ ಅಂದರೆ ಫೈಲ್ ಕೂಡ ಹೋಗುತ್ತದೆ, ಬೇಗ ಮುಗಿಯುತ್ತದೆ. ಫುಲ್ ರಿಸ್ಟೋರ್ ಅಂದರೆ ಡಿಸ್ಕ್‌ನ ಮೊದಲಿಂದ ಕೊನೆಯವರೆಗೆ ಹೊಸದಾಗಿ ಬರೆಯುತ್ತದೆ. ಇದಕ್ಕೆ ಗಂಟೆಗಟ್ಟಲೆ ಬೇಕು. ನಿಂತಿದೆ ಅಂತ ನನಗೆ ಫೋನ್ ಮಾಡುವವರಲ್ಲಿ ಜಾಸ್ತಿ ಜನ ಒತ್ತಿರುವುದು ಇದನ್ನೇ.

ಎಷ್ಟು ಗಂಟೆ ಅಂತ ನೀವೇ ಲೆಕ್ಕ ಹಾಕಬಹುದು. 4 ಟಿಬಿ ಅಂದರೆ ಸುಮಾರು 40,00,000 ಎಂಬಿ. ಡಿಸ್ಕ್ ಸೆಕೆಂಡಿಗೆ 150 ಎಂಬಿ ಬರೆದರೆ ಏಳೂವರೆ ಗಂಟೆ. 100 ಎಂಬಿ ಬರೆದರೆ 11 ಗಂಟೆ. ನಾಸ್‌ನ ಒಳಗಿನ ಪುಟ್ಟ ಪ್ರೊಸೆಸರ್ 50ಕ್ಕೆ ಇಳಿಸಿದರೆ 22 ಗಂಟೆ. ಡಿಸ್ಕ್‌ನ ಒಳಸುತ್ತುಗಳಿಗೆ ಹೋದಂತೆ ವೇಗ ಇಳಿಯುತ್ತದೆ. ಆದ್ದರಿಂದ ಮೊದಲ ಅರ್ಧ ಬೇಗ ಹೋಗಿ, ಕೊನೆಯ ಭಾಗ ಎಳೆಯುವುದು ಸಹಜ. ಬೆಳಿಗ್ಗೆ ತಿಂಡಿ ಹೊತ್ತಿಗೆ ಕೊಟ್ಟದ್ದು ರಾತ್ರಿ ಊಟದವರೆಗೂ ಓಡಬಹುದು. ಅಷ್ಟು ಹೊತ್ತು ಕಾಯದೆ "ಹಾಳಾಯ್ತು" ಅಂತ ತೀರ್ಮಾನಿಸಬೇಡಿ.

ಸಿಸ್ಟಮ್ ಓನ್ಲಿ ಅಥವಾ ಕ್ವಿಕ್ ಕೊಟ್ಟಿದ್ದರೆ ನಾನು ಒಂದು ಗಂಟೆ ಬಿಡುತ್ತೇನೆ. ಅದಕ್ಕೂ ಮೀರಿದರೆ ಮುಂದಿನ ಹಂತ.

ಇಲ್ಲಿ ಒಂದೇ ಒಂದು ಹೊರತು ಇದೆ. ಒಳಗೆ ಬೇಕಾದ ಫೈಲ್ ಇತ್ತು, ಕೈತಪ್ಪಿ ಅಳಿಸುವ ರೀಸೆಟ್ ಒತ್ತಿದಿರಿ ಅಂತಾದರೆ ಕಾಯಬೇಡಿ. ಕೂಡಲೇ ಆಫ್ ಮಾಡಿ. ಒಂದೊಂದು ನಿಮಿಷ ಓಡಿದಷ್ಟೂ ಹಳೆಯ ಫೈಲ್ ಮೇಲೆ ಹೊಸದು ಬರೆದಾಗುತ್ತದೆ, ಹಾಗೆ ಬರೆದಾದ ಜಾಗದಿಂದ ಯಾರೂ ಮರಳಿ ತೆಗೆಯಲಾರರು. ಆಫ್ ಮಾಡಿದ ಡಿಸ್ಕನ್ನು ಹಾಗೆಯೇ ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ. ಮನೆಯಲ್ಲಿ ಪ್ರಯೋಗ ಬೇಡ.

ಇನ್ನೊಂದು ಎಚ್ಚರಿಕೆ. ನೀವು ಏನೂ ಒತ್ತದೆ ಡ್ರೈವ್ ತಾನಾಗಿ ರೀಸೆಟ್ ಆಗಿದ್ದರೆ ಮೊದಲು ರೂಟರ್‌ನಿಂದ ಅದರ ಲ್ಯಾನ್ ಕೇಬಲ್ ತೆಗೆಯಿರಿ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನದೇ ಮೈ ಬುಕ್ ಲೈವ್ ಡ್ರೈವ್‌ಗಳು ಬೇರೆ ಬೇರೆ ದೇಶಗಳಲ್ಲಿ ಹೀಗೆಯೇ ಖಾಲಿಯಾದವು. ಸಾಫ್ಟ್‌ವೇರ್‌ನ ದೋಷ ಬಳಸಿ ಯಾರೋ ಇಂಟರ್ನೆಟ್ ಮೂಲಕ ರೀಸೆಟ್ ಕೊಟ್ಟಿದ್ದರು. ಆ ಡ್ರೈವ್‌ಗಳಿಗೆ 2015ರ ನಂತರ ಅಪ್‌ಡೇಟ್ ಬಂದಿರಲಿಲ್ಲ.

ಹಂತ 3: ಮುಗಿದೇ ಹೋಗಿದೆಯಾ? ಹೊಸ ವಿಳಾಸ ಹುಡುಕಿ

ಈ ಹಂತಕ್ಕೆ ಸಮಯ ಕೊಡಿ. ನಿಂತಿದೆ ಅನ್ನಿಸಿದ ಎಷ್ಟೋ ಡ್ರೈವ್‌ಗಳು ನನ್ನ ಕೈಯಲ್ಲಿ ಇಲ್ಲೇ ಸಿಕ್ಕಿವೆ.

ರೀಸೆಟ್ ಆದ ಮೇಲೆ ಡ್ರೈವ್ ತನ್ನ ಹಳೆಯ ಐಪಿ ವಿಳಾಸ (ಮನೆಯ ನೆಟ್‌ವರ್ಕ್‌ನಲ್ಲಿ ಅದನ್ನು ತಲುಪುವ ಸಂಖ್ಯೆ) ಮರೆಯುತ್ತದೆ. ರೂಟರ್ ಹತ್ತಿರ ಹೊಸ ವಿಳಾಸ ಕೇಳುತ್ತದೆ. ಉದಾಹರಣೆಗೆ, ನೀವು 192.168.1.50 ಅಂತ ಬದಲಾಗದಂತೆ ಕಟ್ಟಿಹಾಕಿದ್ದಿರಿ. ಈಗ ಅದಕ್ಕೆ 192.168.1.7 ಸಿಕ್ಕಿದೆ. ಆದರೆ ನಿಮ್ಮ ಬ್ರೌಸರ್ ಇನ್ನೂ 50ರ ಬಾಗಿಲಲ್ಲೇ ನಿಂತು ಕಾಯುತ್ತಿದೆ. ಪರದೆಯಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಒಳಗೆ ಎಲ್ಲ ಮುಗಿದು ಡ್ರೈವ್ ಸುಮ್ನೆ ಕೂತಿರುತ್ತದೆ.

ಮೊದಲು ರೂಟರ್‌ನ ಪುಟ ತೆರೆಯಿರಿ. ಹಲವು ರೂಟರ್‌ಗಳಲ್ಲಿ ಅದು 192.168.1.1, ಜಿಯೋ ಫೈಬರ್‌ನಲ್ಲಿ 192.168.29.1. ಅಲ್ಲಿ ಜೋಡಿಸಿಕೊಂಡ ಸಾಧನಗಳ ಪಟ್ಟಿ ಇರುತ್ತದೆ. ಚೀಟಿಯ ಮ್ಯಾಕ್ ವಿಳಾಸವನ್ನು ಆ ಪಟ್ಟಿಯಲ್ಲಿ ಹುಡುಕಿ. ಸಿಕ್ಕಿದರೆ ಅದರ ಎದುರಿನ ಐಪಿಯನ್ನು ಬ್ರೌಸರ್‌ನ ಹೊಸ ಖಾಸಗಿ (ಇನ್‌ಕಾಗ್ನಿಟೊ) ಕಿಟಕಿಯಲ್ಲಿ ಹಾಕಿ. ಹಳೆಯ ಕಿಟಕಿಯಲ್ಲಿ ಹಳೆಯ ಪುಟವೇ ನೆನಪಿರುತ್ತದೆ. ಸಿನಾಲಜಿ ಕಂಪನಿಯ ನಾಸ್‌ಗೆ ವಿಳಾಸದ ಕೊನೆಗೆ ಕೋಲನ್ ಹಾಕಿ 5000, ಕ್ಯೂನ್ಯಾಪ್ ಕಂಪನಿಯದಕ್ಕೆ 8080 ಅಂತ ಸೇರಿಸಿ. ಪಟ್ಟಿ ನೋಡಲು ಕಷ್ಟವಾದರೆ ಸಿನಾಲಜಿ ಅಸಿಸ್ಟೆಂಟ್, ಕ್ಯೂಫೈಂಡರ್ ಪ್ರೊ ತರಹದ ಕಂಪನಿಯದೇ ಹುಡುಕುವ ಆ್ಯಪ್ ಬಳಸಿ.

ಪಟ್ಟಿಯಲ್ಲಿ ಇಲ್ಲದಿದ್ದರೆ ಲ್ಯಾನ್ ಪೋರ್ಟ್ ಹತ್ತಿರ ಬಗ್ಗಿ ನೋಡಿ. ಅಲ್ಲಿ ಪುಟ್ಟ ಲೈಟ್ ಉರಿಯಬೇಕು. ಉರಿಯದಿದ್ದರೆ ಕೇಬಲ್ ಬದಲಿಸಿ, ರೂಟರ್‌ನ ಬೇರೆ ಪೋರ್ಟ್‌ಗೆ ಹಾಕಿ. ಮಲ್ಪೆ, ಸುರತ್ಕಲ್ ಕಡೆ ಕಡಲ ಹತ್ತಿರದ ಮನೆಗಳಲ್ಲಿ ಕೇಬಲ್‌ನ ತುದಿಯ ಪಿನ್‌ಗಳು ಉಪ್ಪುಗಾಳಿಗೆ ಹಸಿರುಗಟ್ಟುವುದು ನಾನು ಕಂಡಿದ್ದೇನೆ. ಬೇಸಗೆಯ ಕೊನೆಯ ಸಿಡಿಲು ಮಳೆಯಲ್ಲಿ ಪೋರ್ಟ್ ಸುಟ್ಟಿದ್ದರೂ ಹೀಗೇ ಆಗುತ್ತದೆ. ಮನೆಯಿಂದ ಸ್ಟುಡಿಯೊಗೆ ಹೊರಗಿನಿಂದ ಉದ್ದ ಕೇಬಲ್ ಎಳೆದವರು ಇದನ್ನು ಮೊದಲು ಅನುಮಾನಿಸಿ.

169.254ರಿಂದ ಶುರುವಾಗುವ ವಿಳಾಸ ಕಂಡರೆ ಡ್ರೈವ್ ಎದ್ದಿದೆ, ಆದರೆ ರೂಟರ್‌ನಿಂದ ವಿಳಾಸ ಸಿಕ್ಕಿಲ್ಲ ಎಂದರ್ಥ. ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಡ್ರೈವನ್ನು ಅಲ್ಲ.

ರೀಸೆಟ್ ಕೊಡುವ ಮೊದಲೇ ಇದನ್ನು ಓದುತ್ತಿದ್ದೀರಾ? ಹಾಗಾದರೆ ಇಷ್ಟು ಕೇಳಿ. ಇಂಟರ್ನೆಟ್ ಕಂಪನಿ ಬದಲಿಸಿದ ಮಾರನೇ ದಿನ "ನಾಸ್ ಕಾಣ್ತಿಲ್ಲ" ಅಂತ ರೀಸೆಟ್ ಕೊಡುವವರು ತುಂಬ ಜನ. ಹಳೆಯ ರೂಟರ್ 192.168.1 ಸಾಲಿನಲ್ಲಿತ್ತು, ಹೊಸದು 192.168.29 ಸಾಲಿನಲ್ಲಿದೆ. ಕಟ್ಟಿಹಾಕಿದ ಹಳೆಯ ವಿಳಾಸ ಹೊಸ ಸಾಲಿಗೆ ಸೇರುವುದಿಲ್ಲ. ಇದಕ್ಕೆ ರೀಸೆಟ್ ಬೇಕಿಲ್ಲ. ಲ್ಯಾಪ್‌ಟಾಪನ್ನು ನೇರವಾಗಿ ನಾಸ್‌ಗೆ ಜೋಡಿಸಿ, ಲ್ಯಾಪ್‌ಟಾಪ್‌ಗೆ 192.168.1.20 ತರಹದ ವಿಳಾಸ ಕೊಟ್ಟು, ನಾಸ್‌ನ ಪುಟ ತೆರೆದು ಅದರ ವಿಳಾಸವನ್ನು ತಾನಾಗಿ ಪಡೆಯುವಂತೆ ಬದಲಿಸಿದರೆ ಸಾಕು. ಒಂದು ವರ್ಷದ ಕೆಲಸ ಇರುವ ಡ್ರೈವನ್ನು ಬರೀ ವಿಳಾಸದ ಗೊಂದಲಕ್ಕೆ ಖಾಲಿ ಮಾಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಂತ 4: ಕೆಲಸ ನಡೆಯುತ್ತಿದೆಯಾ ಅಂತ ಕೇಳಿಸಿಕೊಳ್ಳಿ

ವಿಳಾಸ ಸಿಗಲಿಲ್ಲ, ಅಥವಾ ಸಿಕ್ಕಿದರೂ ಪುಟ ತೆರೆಯಲಿಲ್ಲ. ಈಗ ಕೋಣೆಯ ಫ್ಯಾನ್ ನಿಲ್ಲಿಸಿ ಡ್ರೈವ್ ಹತ್ತಿರ ಕಿವಿಯಿಟ್ಟು ಕೇಳಿ. ಮೇಲೆ ಹಗುರವಾಗಿ ಕೈ ಇಡಿ.

ಒಂದೇ ಸಮ ಗುಂಯ್ ಅನ್ನುವ ಸದ್ದು, ಸಣ್ಣ ಕಂಪನ, ನಡುನಡುವೆ ಮೆತ್ತಗೆ ಗರಗರ ಇದ್ದರೆ ಅದು ಬರೆಯುತ್ತಿದೆ. ಬಿಡಿ. ಲ್ಯಾಪ್‌ಟಾಪ್‌ನಲ್ಲಿ ಹೊಸ ವಿಳಾಸಕ್ಕೆ ಪಿಂಗ್ (ಅದು ಉತ್ತರಿಸುತ್ತದೆಯಾ ಅಂತ ನೋಡುವ ಆಜ್ಞೆ) ಕೊಟ್ಟು ನೋಡಿ. ಉತ್ತರ ಬಂದು ಪುಟ ಮಾತ್ರ ಬರುತ್ತಿಲ್ಲ ಅಂದರೆ ವ್ಯವಸ್ಥೆ ಎದ್ದಿದೆ, ವೆಬ್ ಪುಟ ಇನ್ನೂ ತಯಾರಾಗುತ್ತಿದೆ. ಇನ್ನೊಂದು ಕಾಲು ಗಂಟೆ ಕೊಡಿ.

ಕೆಲವು ಸದ್ದುಗಳಿಗೆ ಹೆದರಬೇಕು. ಕೆಲವು ಸೆಕೆಂಡಿಗೊಮ್ಮೆ ತಾಳ ಹಾಕಿದ ಹಾಗೆ "ಟಕ್, ಟಕ್" ಅನ್ನುವುದು. ಡಿಸ್ಕ್ ತಿರುಗಲು ಶುರುಮಾಡಿ, ವೇಗ ಪಡೆಯುವಷ್ಟರಲ್ಲಿ ನಿಂತು, ಮತ್ತೆ ಶುರುಮಾಡುವುದು. ಮುಟ್ಟಲಾಗದಷ್ಟು ಬಿಸಿ. ಸುಟ್ಟ ವಾಸನೆ. ಇವುಗಳಲ್ಲಿ ಒಂದು ಇದ್ದರೂ ಕಾಯುವುದರಲ್ಲಿ ಅರ್ಥವಿಲ್ಲ. ಆಫ್ ಮಾಡಿ, ಮುಂದಿನ ಹಂತಕ್ಕೆ ಬನ್ನಿ.

ಬಿಸಿಯ ಬಗ್ಗೆ ಇನ್ನೊಂದು ಮಾತು. ತುಂಬ ಕಡೆ ನಾಸ್ ಇರುವುದು ಗೋದ್ರೆಜ್ ಕಪಾಟಿನ ಒಳಗೆ, ದೂಳು ಬರಬಾರದು ಅಂತ. ದಿನವಿಡೀ ಬರೆಯುವ ಡಿಸ್ಕ್‌ಗೆ ಅದು ಬಿಸಿ ಪೆಟ್ಟಿಗೆ. ನಮ್ಮ ಕರಾವಳಿಯ ಸೆಕೆಗೆ ಬಾಗಿಲು ತೆರೆದಿಟ್ಟರೂ ಸಾಲದು, ಹೊರಗೆ ಮೇಜಿನ ಮೇಲೆ ಇಡಿ. ಆದರೆ ಓಡುತ್ತಿರುವಾಗ ಜಾಗ ಬದಲಿಸಬೇಡಿ. ಈಗ ಕಪಾಟಿನ ಬಾಗಿಲು ಮಾತ್ರ ತೆರೆದು ಫ್ಯಾನ್ ತಿರುಗಿಸಿ.

ಹಂತ 5: ಕರೆಂಟ್ ಮತ್ತು ಅಡಾಪ್ಟರ್ ಪರೀಕ್ಷಿಸಿ

ತಿರುಗಿ ನಿಲ್ಲುವ ಡಿಸ್ಕ್‌ಗೆ ಹಲವು ಬಾರಿ ಡಿಸ್ಕ್ ಕಾರಣವೇ ಅಲ್ಲ. ಅಡಾಪ್ಟರ್ ದಣಿದಿರುತ್ತದೆ. ಡಿಸ್ಕ್ ತಿರುಗಲು ಶುರುಮಾಡುವ ಕ್ಷಣಕ್ಕೆ ಜಾಸ್ತಿ ಕರೆಂಟ್ ಬೇಕು, ಆ ಹೊತ್ತಿಗೆ ಹಳೆಯ ಅಡಾಪ್ಟರ್ ಕುಸಿಯುತ್ತದೆ. ಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗಿಯೇ ತೋರಿಸಬಹುದು, ಯಾಕೆಂದರೆ ಹೊರೆ ಇಲ್ಲದಾಗ ಅದು ಸರಿಯಾಗಿಯೇ ಇರುತ್ತದೆ. ಆದ್ದರಿಂದ ಮೀಟರ್ ನಂಬಬೇಡಿ, ಇನ್ನೊಂದು ಅಡಾಪ್ಟರ್ ಹಾಕಿ ನೋಡಿ. ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಹಳೆಯದಷ್ಟೇ ಅಥವಾ ಜಾಸ್ತಿ ಇರಬೇಕು, ಪಿನ್‌ನ ಒಳಗೆ ಹೊರಗೆ ಪ್ಲಸ್ ಮೈನಸ್ ಗುರುತು ಒಂದೇ ಇರಬೇಕು. ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರ್ ಪಿನ್ ಕೂತಿತು ಅಂತ ಹಾಕಿ ಬೋರ್ಡ್ ಸುಟ್ಟವರಿದ್ದಾರೆ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ನಮಗೆ ಹೊಸದಲ್ಲ. ಮನೆಯ ಇನ್ವರ್ಟರ್ ಇದೆಯಲ್ವಾ ಅಂತ ನಂಬಿದರೆ ಸಾಲದು. ಅದರ ಹಿಂದೆ ಒಂದು ಸ್ವಿಚ್ ಇರುತ್ತದೆ, ನಾರ್ಮಲ್ ಮತ್ತು ಯುಪಿಎಸ್ ಅಂತ. ನಾರ್ಮಲ್‌ನಲ್ಲಿ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವಾಗ ಸ್ವಲ್ಪ ಹೊತ್ತು ಹಿಡಿಯುತ್ತದೆ, ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ನಾಸ್ ಮಾತ್ರ ರೀಸ್ಟಾರ್ಟ್ ಆಗಬಹುದು. ರೀಸೆಟ್ ಕೊಡುವ ದಿನ ಸ್ವಿಚ್ ಯುಪಿಎಸ್ ಕಡೆಗೆ ಇರಲಿ. ರೂಟರ್ ಕೂಡ ಅದೇ ಸಾಲಿನಲ್ಲಿರಲಿ. ಗುಡುಗು ಬರುವ ಸಂಜೆಗಳಲ್ಲಿ ಫುಲ್ ರಿಸ್ಟೋರ್ ಶುರುಮಾಡಲೇ ಬೇಡಿ.

ಹಂತ 6: ಸರಿಯಾಗಿ ಆಫ್ ಮಾಡಿ, ಒಂಟಿಯಾಗಿ ಎಬ್ಬಿಸಿ

ಎರಡನೇ ಹಂತದ ಲೆಕ್ಕದ ಸಮಯ ಮುಗಿದು ಅದರ ಅರ್ಧದಷ್ಟು ಮತ್ತೆ ಕಾದಾಗಿದೆ, ಸದ್ದು ಇಲ್ಲ, ಪಿಂಗ್ ಇಲ್ಲ. ಈಗ ನಿಜವಾಗಿಯೂ ನಿಂತಿದೆ ಅನ್ನಬಹುದು.

ಪವರ್ ಗುಂಡಿ ಇದ್ದರೆ ಮೊದಲು ಅದನ್ನು ಒತ್ತಿ ಹಿಡಿದು ಆಫ್ ಮಾಡಿ. ಆಗದಿದ್ದರೆ ಮಾತ್ರ ಪ್ಲಗ್ ತೆಗೆಯಿರಿ. ಎರಡು ನಿಮಿಷ ಬಿಡಿ. ಹಿಂದೆ ಜೋಡಿಸಿದ ಯುಎಸ್‌ಬಿ ಡಿಸ್ಕ್, ಪೆನ್‌ಡ್ರೈವ್ ಎಲ್ಲ ತೆಗೆಯಿರಿ. ಅವು ಇದ್ದರೆ ಎದ್ದೇಳುವಾಗ ಗೊಂದಲ ಆಗುವುದುಂಟು. ಲ್ಯಾನ್ ಕೇಬಲ್ ಮಾತ್ರ ಹಾಕಿ ಆನ್ ಮಾಡಿ. ಇಪ್ಪತ್ತು ನಿಮಿಷ ಮುಟ್ಟಬೇಡಿ. ಆಮೇಲೆ ಮೂರನೇ ಹಂತವನ್ನು ಮತ್ತೊಮ್ಮೆ ಮಾಡಿ.

ಹಂತ 7: ರೀಸೆಟ್ ಗುಂಡಿ, ಗಡಿಯಾರ ನೋಡಿಕೊಂಡು

ಈ ಪುಟ್ಟ ತೂತಿನ ಗುಂಡಿಯಲ್ಲಿ ಎಷ್ಟು ಸೆಕೆಂಡ್ ಒತ್ತಿದಿರಿ ಅನ್ನುವುದೇ ಎಲ್ಲ. ಅಂದಾಜಿನಲ್ಲಿ ಒತ್ತಬೇಡಿ, ಮೊಬೈಲ್‌ನ ಸ್ಟಾಪ್‌ವಾಚ್ ಹಾಕಿಕೊಳ್ಳಿ.

ಸಿನಾಲಜಿಯಲ್ಲಿ ಸುಮಾರು 4 ಸೆಕೆಂಡ್ ಒತ್ತಿ, ಬೀಪ್ ಕೇಳಿದ ಕೂಡಲೇ ಬಿಟ್ಟರೆ ಪಾಸ್‌ವರ್ಡ್ ಮತ್ತು ನೆಟ್‌ವರ್ಕ್ ಸೆಟ್ಟಿಂಗ್ ಮಾತ್ರ ಹೋಗುತ್ತದೆ. ಆ ಬೀಪ್ ಆದ 10 ಸೆಕೆಂಡ್ ಒಳಗೆ ಮತ್ತೆ 4 ಸೆಕೆಂಡ್ ಒತ್ತಿ ಮೂರು ಬೀಪ್ ಬಂದರೆ, ವ್ಯವಸ್ಥೆಯನ್ನೇ ಹೊಸದಾಗಿ ಹಾಕಲು ತಯಾರಾಗುತ್ತದೆ. ಅದರಲ್ಲೂ ಫೈಲ್‌ಗಳು ಉಳಿಯುತ್ತವೆ. ಕ್ಯೂನ್ಯಾಪ್‌ನಲ್ಲಿ 3 ಸೆಕೆಂಡಿಗೆ ಒಂದು ಬೀಪ್, ಚಿಕ್ಕ ರೀಸೆಟ್. 10 ಸೆಕೆಂಡಿಗೆ ಎರಡು ಬೀಪ್, ದೊಡ್ಡದು.

ಮೈ ಕ್ಲೌಡ್ ಹೋಮ್ ಇರುವವರು ತುಂಬ ಜಾಗ್ರತೆ. ಅದರಲ್ಲಿ 30 ಸೆಕೆಂಡ್ ಒಳಗೆ ಬಿಟ್ಟರೆ ಬರೀ ರೀಸ್ಟಾರ್ಟ್. 30ರಿಂದ 59 ಆದರೆ ಮಾಲೀಕನ ಖಾತೆ ತೆಗೆಯುತ್ತದೆ. 60 ದಾಟಿದರೆ ಎಲ್ಲವನ್ನೂ ಅಳಿಸುತ್ತದೆ. "ಗಟ್ಟಿ ಒತ್ತಿ ಹಿಡಿದರೆ ಸರಿಯಾಗ್ತದೆ" ಅಂತ ಯಾರೋ ಹೇಳಿದರು ಅಂತ ಒಂದು ನಿಮಿಷ ಹಿಡಿದವರ ಮಗುವಿನ ಫೋಟೊಗಳು ಹೋದದ್ದನ್ನು ನೋಡಿದ್ದೇನೆ. ಆ ಮನೆಯವರಿಗೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ.

ಬೇರೆ ಮಾಡೆಲ್ ಆದರೆ ಅದರ ಕೈಪಿಡಿಯಲ್ಲಿ ಸೆಕೆಂಡ್ ಎಷ್ಟು ಅಂತ ನೋಡಿಯೇ ಒತ್ತಿ. ಒಂದು ಸಲ ಒತ್ತಿದ ಮೇಲೆ ಮತ್ತೆ ಒಂದನೇ ಹಂತದಿಂದ ಕಾಯುವುದು. ಸಾಲಾಗಿ ಮೂರು ನಾಲ್ಕು ಸಲ ಒತ್ತುವುದು ಎಲ್ಲಕ್ಕಿಂತ ಕೆಟ್ಟ ತಪ್ಪು.

ಹಂತ 8: ಡಿಸ್ಕ್ ಹೊರತೆಗೆದು ಅದರ ಆರೋಗ್ಯ ನೋಡಿ

ವಾರಂಟಿ ಇದ್ದರೆ ಇಲ್ಲಿಗೇ ನಿಲ್ಲಿಸಿ, ಸರ್ವೀಸ್‌ಗೆ ಕೊಡಿ. ಇಲ್ಲದಿದ್ದರೆ ಮಾತ್ರ ಮುಂದುವರಿಯಿರಿ. ಎರಡು ಅಥವಾ ಜಾಸ್ತಿ ಡಿಸ್ಕ್ ಇರುವ ನಾಸ್ ಆದರೆ ತೆಗೆಯುವ ಮೊದಲೇ 1, 2 ಅಂತ ಟೇಪ್ ಅಂಟಿಸಿ. ಕ್ರಮ ತಪ್ಪಬಾರದು.

ಡಾಕ್‌ನಲ್ಲಿಟ್ಟು ಲ್ಯಾಪ್‌ಟಾಪ್‌ಗೆ ಜೋಡಿಸಿದ ಕೂಡಲೇ ವಿಂಡೋಸ್ "ಫಾರ್ಮ್ಯಾಟ್ ಮಾಡಲೇ?" ಅಥವಾ "ಇನಿಶಿಯಲೈಸ್ ಮಾಡಲೇ?" ಅಂತ ಕೇಳುತ್ತದೆ. ಬೇಡ ಅನ್ನಿ. ನಾಸ್ ಒಳಗಿನ ಡಿಸ್ಕ್ ಲಿನಕ್ಸ್ ಬಗೆಯದು, ವಿಂಡೋಸ್‌ಗೆ ಅದು ಓದಲು ಬರುವುದಿಲ್ಲ ಅಷ್ಟೇ. ಹಾಳಾಗಿದೆ ಎಂದರ್ಥವಲ್ಲ. ಒಂದೇ ಡಿಸ್ಕ್‌ನ ಮೈ ಕ್ಲೌಡ್‌ನಲ್ಲಂತೂ ಅದರ ವ್ಯವಸ್ಥೆಯೇ ಆ ಡಿಸ್ಕ್ ಮೇಲೆ ಇರುತ್ತದೆ. ಫಾರ್ಮ್ಯಾಟ್ ಮಾಡಿ ಮರಳಿ ಹಾಕಿದರೆ ಪೆಟ್ಟಿಗೆ ಏಳುವುದೇ ಇಲ್ಲ.

ಕ್ರಿಸ್ಟಲ್ ಡಿಸ್ಕ್ ಇನ್ಫೊ ಅನ್ನುವ ಉಚಿತ ಸಾಫ್ಟ್‌ವೇರ್ ತೆರೆಯಿರಿ. ನಾಲ್ಕು ಸಾಲು ನೋಡಿದರೆ ಸಾಕು. 05 ಅಂದರೆ ಕೆಟ್ಟು ಬದಲಿಸಿದ ಜಾಗಗಳು. ಸಿ5 ಅಂದರೆ ಓದಲು ಕಷ್ಟವಾಗಿ ತೀರ್ಮಾನಕ್ಕೆ ಕಾಯುತ್ತಿರುವ ಜಾಗಗಳು. ಸಿ6 ಅಂದರೆ ಓದಲಾಗದೇ ಉಳಿದವು. ಸಿ7 ಅಂದರೆ ಕೇಬಲ್ ಅಥವಾ ಕನೆಕ್ಟರ್‌ನಲ್ಲಿ ಆದ ತಪ್ಪುಗಳು. ಕೊನೆಯ ಕಾಲಮ್‌ನ ಸಂಖ್ಯೆಗಳು ಮಾಮೂಲಾಗಿ ಹದಿನಾರರ ಲೆಕ್ಕದಲ್ಲಿ ಇರುತ್ತವೆ, ಅಲ್ಲಿ 10 ಕಂಡರೆ ಅದು 16. ಮೆನುವಿನಲ್ಲಿ ಹತ್ತರ ಲೆಕ್ಕಕ್ಕೆ ಬದಲಿಸಬಹುದು.

ಸಿ5 ಸೊನ್ನೆ ಅಲ್ಲದಿದ್ದರೆ ರೀಸೆಟ್ ಯಾಕೆ ಒಂದೇ ಶೇಕಡಾದಲ್ಲಿ ನಿಲ್ಲುತ್ತದೆ ಅನ್ನುವುದಕ್ಕೆ ಬಹುಶಃ ಉತ್ತರ ಸಿಕ್ಕಿತು. ಆ ಜಾಗಕ್ಕೆ ಬಂದಾಗಲೆಲ್ಲ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನಿಸಿ ಅಲ್ಲೇ ಉಳಿಯಬಹುದು. ಅಂಥ ಡಿಸ್ಕನ್ನು ಒಂದು ವೇಳೆ ಎಬ್ಬಿಸಿದರೂ ಅದರಲ್ಲಿ ಇನ್ನೊಬ್ಬರ ಮದುವೆ ವಿಡಿಯೊ ಇಡಬೇಡಿ. ಹೊಸ ಡಿಸ್ಕ್ ತನ್ನಿ. ಸಿ7 ಮಾತ್ರ ಏರಿದ್ದರೆ ಡಿಸ್ಕ್ ಚೆನ್ನಾಗಿರಬಹುದು. ಕನೆಕ್ಟರ್‌ನ ಚಿನ್ನದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿಸಿ ಮರಳಿ ಕೂರಿಸಿ. ತೇವ ಮತ್ತು ಉಪ್ಪು ಸೇರಿದ ಗಾಳಿಯಲ್ಲಿ ಈ ಒಂದು ಒರೆಸುವಿಕೆಯಿಂದ ಎದ್ದ ಡ್ರೈವ್‌ಗಳಿವೆ.

ಹೊಸ ಡಿಸ್ಕ್ ಹಾಕುವುದು ಸಿನಾಲಜಿ, ಕ್ಯೂನ್ಯಾಪ್‌ಗಳಲ್ಲಿ ಸುಲಭ. ಖಾಲಿ ಡಿಸ್ಕ್ ಹಾಕಿ ಆನ್ ಮಾಡಿದರೆ ಬ್ರೌಸರ್‌ನಲ್ಲೇ ಹೊಸದಾಗಿ ಸ್ಥಾಪಿಸುವ ಪುಟ ಬರುತ್ತದೆ. ಒಂದೇ ಡಿಸ್ಕ್‌ನ ಮುಚ್ಚಿದ ಪೆಟ್ಟಿಗೆಗಳಲ್ಲಿ ಹಾಗಲ್ಲ. ಡಿಸ್ಕ್ ಕೆಟ್ಟಿದ್ದರೆ ಆ ಪೆಟ್ಟಿಗೆಯನ್ನು ಬಿಡುವುದೇ ಸರಿ ಅಂತ ನನ್ನ ಅಭಿಪ್ರಾಯ. ಮೈ ಕ್ಲೌಡ್‌ನ ಹಳೆಯ ಓಎಸ್ 3 ಇರುವವುಗಳಿಗೆ 2022ರ ಏಪ್ರಿಲ್ 15ಕ್ಕೇ ಕಂಪನಿಯ ಬೆಂಬಲ ಮುಗಿದಿದೆ. ಅದರ ಮೇಲೆ ದಿನಗಟ್ಟಲೆ ಕಳೆಯಬೇಡಿ.

ಹಂತ 9: ಎದ್ದ ಮೇಲೆ ಮೊದಲ ಒಂದು ಗಂಟೆ

ಅಡ್ಮಿನ್ ಪಾಸ್‌ವರ್ಡ್ ಕೂಡಲೇ ಬದಲಿಸಿ, ಫರ್ಮ್‌ವೇರ್ (ನಾಸ್‌ನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ವಿಳಾಸವನ್ನು ನಾಸ್ ಒಳಗೆ ಕಟ್ಟಬೇಡಿ, ರೂಟರ್‌ನಲ್ಲಿ ಆ ಮ್ಯಾಕ್ ವಿಳಾಸಕ್ಕೆ ಕಾದಿರಿಸಿ. ಮುಂದೆ ರೂಟರ್ ಬದಲಾದರೂ ಡ್ರೈವ್ ಕಳೆದುಹೋಗುವುದಿಲ್ಲ.

ಪುಟ ತೆರೆಯುತ್ತದೆ, ಆದರೆ ವಿಂಡೋಸ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ಕಾಣುತ್ತಿಲ್ಲ ಅಂದರೆ ಮತ್ತೆ ರೀಸೆಟ್‌ಗೆ ಓಡಬೇಡಿ. ಹಳೆಯ ಡ್ರೈವ್‌ಗಳು ಎಸ್‌ಎಂಬಿ 1 ಅನ್ನುವ, ಫೈಲ್ ಹಂಚಿಕೊಳ್ಳುವ ಹಳೆಯ ವಿಧಾನ ಬಳಸುತ್ತವೆ, ವಿಂಡೋಸ್ 10 ಅದನ್ನು 2017ರಿಂದ ಮಾಮೂಲಾಗಿ ಮುಚ್ಚಿಡುತ್ತದೆ. ನಾಸ್ ಪುಟದಲ್ಲಿ ಎಸ್‌ಎಂಬಿ 2 ಅಥವಾ 3 ಆಯ್ಕೆ ಇದ್ದರೆ ಅದನ್ನು ಹಾಕಿ. ಹೆಸರು, ಪಾಸ್‌ವರ್ಡ್ ಇರುವ ಒಂದು ಬಳಕೆದಾರ ಖಾತೆ ಮಾಡಿ ಅದರಿಂದಲೇ ಒಳಗೆ ಹೋಗಿ. ಪಾಸ್‌ವರ್ಡ್ ಇಲ್ಲದ ಅತಿಥಿ ಖಾತೆಯನ್ನು ಹೊಸ ವಿಂಡೋಸ್ 11 ಪ್ರೊ ಒಪ್ಪುವುದಿಲ್ಲ.

ಕೊನೆಗೆ, 10 ಜಿಬಿಯ ಒಂದು ವಿಡಿಯೊ ಹಾಕಿ, ಡ್ರೈವನ್ನು ಅದರ ಪುಟದಿಂದಲೇ ಆಫ್ ಮಾಡಿ ಆನ್ ಮಾಡಿ, ಆ ವಿಡಿಯೊವನ್ನು ಮರಳಿ ಲ್ಯಾಪ್‌ಟಾಪ್‌ಗೆ ತಂದು ಕೊನೆಯವರೆಗೂ ಓಡಿಸಿ ನೋಡಿ. ಎರಡು ದಿನ ಬಿಟ್ಟು ಸಿ5 ಸಾಲನ್ನು ನಾಸ್‌ನ ಪುಟದಲ್ಲೇ ಇನ್ನೊಮ್ಮೆ ನೋಡಿ. ಅದು ಸೊನ್ನೆಯಲ್ಲೇ ಇದ್ದರೆ ಮಾತ್ರ ಈ ವರ್ಷದ ಆಟಗಳನ್ನು ಅದಕ್ಕೆ ತುಂಬಿಸಿ, ಒಂದು ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲೂ ಇಟ್ಟುಕೊಂಡು.